ಬಿರುಕು ಬಿಟ್ಟ ದವಡೆ ಹಲ್ಲು: ಕೀಳಿಸುವ ಮುಂಚೆ

ನಮಸ್ಕಾರ. ಬಿರುಕು ಬಿಟ್ಟ ದವಡೆ ಹಲ್ಲನ್ನು ಕ್ಯಾಪ್ ಹಾಕಿಸಿ ಉಳಿಸಿಕೊಳ್ಳಲೋ, ಕೀಳಿಸಿ ಇಂಪ್ಲಾಂಟ್ (ದವಡೆ ಮೂಳೆಗೆ ಕೂರಿಸುವ ಕೃತಕ ಹಲ್ಲು) ಮಾಡಿಸಲೋ ಎಂದು ಕೇಳಿದ್ದೀರಿ. ಬಿರುಕು ಎಷ್ಟು ಆಳಕ್ಕೆ ಇಳಿದಿದೆ ಅನ್ನೋದೇ ಮುಖ್ಯ. ಎಕ್ಸ್‌ರೇಯಲ್ಲಿ ಎಷ್ಟೋ ಸಲ ಅದು ಕಾಣುವುದೇ ಇಲ್ಲ. ನನಗೂ ಹಾಗೇ ಆಗಿತ್ತು. ಚಕ್ಕುಲಿ ಕಚ್ಚಿದಾಗ ಅಲ್ಲ, ಕಚ್ಚಿ ಬಾಯಿ ಬಿಡುವಾಗ ಚಳಕ್ ಅಂತ ನೋವು ಬರುತ್ತಿತ್ತು. ಡಾಕ್ಟರ್ ನೀಲಿ ಬಣ್ಣ ಹಚ್ಚಿದ ಮೇಲೆ ಕೂದಲೆಳೆಯಂಥ ಗೆರೆ ಕಂಡಿತು. ಆಮೇಲೆ ವಸಡಿನ ಸುತ್ತ ಸಣ್ಣ ಕಡ್ಡಿಯಿಂದ ಅಳೆದರು. ಒಂದೇ ಕಡೆ ಕಡ್ಡಿ ಆಳಕ್ಕೆ ಇಳಿದರೆ ಬಿರುಕು ಬೇರಿಗೂ ಹೋಗಿರಬಹುದು. ಹಲ್ಲಿನ ಬೇರು ಸೀಳಿದ್ದರೆ ಕೀಳಿಸುವುದೇ ಸರಿ, ಸುಮ್ನೆ ದುಡ್ಡು ಸುರಿಯಬೇಡಿ. ಮೇಲ್ಭಾಗದಲ್ಲಷ್ಟೇ ಇದ್ದರೆ ದಯವಿಟ್ಟು ಉಳಿಸಿಕೊಳ್ಳಿ. ನರಕ್ಕೆ ತಾಗಿದ್ದರೆ ರೂಟ್ ಕೆನಾಲ್ (ಹಲ್ಲಿನೊಳಗಿನ ನರ ತೆಗೆದು ತುಂಬುವ ಚಿಕಿತ್ಸೆ) ಕೂಡ ಬೇಕಾಗುತ್ತದೆ. ಇಷ್ಟು ನೋಡದೆ ಕೀಳಿಸಲು ಒಪ್ಪಬೇಡಿ. ಅಲ್ಲಿವರೆಗೆ ಆ ಕಡೆ ಅಗಿಯಬೇಡಿ.