ಮಕ್ಕಳಿಗೆ ಕರುಣೆಯನ್ನು ಕಲಿಸಲು ಸಾಧ್ಯವೇ?

ನಿಮ್ಮ ಒಂಬತ್ತು ವರ್ಷದ ಮಗ ಬೀದಿನಾಯಿಗಳಿಗೆ ಕಲ್ಲು ಹೊಡೆಯುತ್ತಾನೆ, ತರಗತಿಯಲ್ಲಿ ಉಗ್ಗುವ ಹುಡುಗನೊಬ್ಬನನ್ನು ಅಣಕಿಸುತ್ತಾನೆ, ನೀತಿಕಥೆ ಹೇಳಿದರೂ ಬೈದರೂ ಎರಡೇಟು ಕೊಟ್ಟರೂ ಬದಲಾಗಿಲ್ಲ, ಕರುಣೆ ಹುಟ್ಟಿನಿಂದಲೇ ಬರಬೇಕಾದದ್ದೋ ಅಥವಾ ಕಲಿಸಲು ಬರುತ್ತದೆಯೋ ಎಂದು ಕೇಳಿದ್ದೀರಿ. ಮಂಡ್ಯ ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬಹುಕಾಲ ಶಿಕ್ಷಕಿಯಾಗಿದ್ದ ಅನುಭವದಿಂದ ಉತ್ತರಿಸುತ್ತಿದ್ದೇನೆ. ಖಂಡಿತ ಕಲಿಸಬಹುದು. ಆದರೆ ಕರುಣೆ ಇರಬೇಕು ಎಂದು ಹೇಳಿದ ಮಾತ್ರಕ್ಕೆ ಅದು ಬರುವುದಿಲ್ಲ. ಎದುರಿಗಿರುವ ಜೀವವನ್ನು ಗಮನವಿಟ್ಟು ನೋಡುವ ಅಭ್ಯಾಸ ಮಾಡಿಸಬೇಕು, ನೋಡಿದ ಮೇಲೆ ಏನು ಮಾಡಬೇಕೆಂಬುದನ್ನು ಜೊತೆಗೆ ನಿಂತು ತೋರಿಸಬೇಕು. ಇವೆರಡೂ ಇಲ್ಲದ ನೀತಿಕಥೆ ಪರೀಕ್ಷೆಯಲ್ಲಿ ಬರೆಯುವ ಉತ್ತರವಾಗಿಯಷ್ಟೇ ಉಳಿಯುತ್ತದೆ.

ನಿಮ್ಮ ಮಗನಲ್ಲಿ ಕರುಣೆಯೇ ಇಲ್ಲವೇನೋ ಎಂಬ ಭಯವನ್ನು ಮೊದಲು ಬಿಡಿ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಾಸೆಲ್ಲೊ ಎಂಬ ಸಂಶೋಧಕರು ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಬಟ್ಟೆ ಒಣಹಾಕುತ್ತಿರುವ ಅಪರಿಚಿತರೊಬ್ಬರು ಕ್ಲಿಪ್ ಬೀಳಿಸಿ ಅದು ಕೈಗೆ ಸಿಗದೆ ಒದ್ದಾಡುವುದನ್ನು ಕಂಡ 18 ತಿಂಗಳ ಮಕ್ಕಳು, ಯಾರೂ ಕೇಳದಿದ್ದರೂ ಹೊಗಳದಿದ್ದರೂ, ತಾವಾಗಿಯೇ ಹೋಗಿ ಎತ್ತಿಕೊಟ್ಟವು. ಎರಡು ವರ್ಷಗಳ ನಂತರ ಅವರೇ ಪ್ರಕಟಿಸಿದ ಮತ್ತೊಂದು ಪ್ರಯೋಗದಲ್ಲಿ, ಸಹಾಯಕ್ಕೆ ಪ್ರತಿಯಾಗಿ ವಸ್ತುರೂಪದ ಬಹುಮಾನ ಪಡೆದ ಮಕ್ಕಳು, ಬಹುಮಾನ ನಿಂತ ಮೇಲೆ ಉಳಿದ ಮಕ್ಕಳಿಗಿಂತ ಕಡಿಮೆ ಸಹಾಯ ಮಾಡಿದವು. ಆದ್ದರಿಂದ ನಾಯಿಗೆ ಕಲ್ಲು ಹೊಡೆಯದ ದಿನಕ್ಕೊಂದು ಚಾಕೊಲೇಟ್, ಗೋಡೆಯ ಮೇಲೊಂದು ನಕ್ಷತ್ರ ಎಂಬ ಲೆಕ್ಕವನ್ನು ದಯವಿಟ್ಟು ಶುರು ಮಾಡಬೇಡಿ. ಇರುವ ಗುಣಕ್ಕೆ ಬೆಲೆ ಕಟ್ಟಿದರೆ ಮಗು ಬೆಲೆಯನ್ನೇ ನೋಡತೊಡಗುತ್ತದೆ.

ಕಲ್ಲಿನ ವಿಷಯಕ್ಕೆ ಬರುತ್ತೇನೆ. ನಾಯಿಗೆ ಕಲ್ಲೆಸೆಯುವ ಮಕ್ಕಳಲ್ಲಿ ಹೆಚ್ಚಿನವರು ನಾಯಿಗೆ ಹೆದರುವವರು ಎಂಬುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ, ಮತ್ತು ಆ ಹೆದರಿಕೆ ಸುಳ್ಳಲ್ಲ. ರೇಬೀಸ್ ಶಂಕೆಯಿರುವ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ಸುಮಾರು 40% ಮಂದಿ 15 ವರ್ಷದೊಳಗಿನ ಮಕ್ಕಳೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಭಯವಿರುವಲ್ಲಿ ಕರುಣೆಯ ಮಾತು ಕಿವಿಗೆ ಬೀಳುವುದಿಲ್ಲ. ಹಾಗಾಗಿ ಮೊದಲು ನಾಯಿಯನ್ನು ಓದಲು ಕಲಿಸಿ. ಬಾಲವನ್ನು ಹಿಂಗಾಲುಗಳ ನಡುವೆ ಮುದುರಿಕೊಂಡು, ಕಿವಿಗಳನ್ನು ಹಿಂದಕ್ಕೆ ಒತ್ತಿಕೊಂಡಿದ್ದರೆ ಅದು ಹೆದರಿದೆ. ನಿದ್ದೆಯ ಹೊತ್ತಲ್ಲದಿದ್ದರೂ ಆಕಳಿಸುತ್ತಾ, ಮೂತಿ ನೆಕ್ಕಿಕೊಳ್ಳುತ್ತಾ, ಮುಖವನ್ನು ಪಕ್ಕಕ್ಕೆ ತಿರುಗಿಸುತ್ತಿದ್ದರೆ ನನ್ನನ್ನು ಬಿಟ್ಟುಬಿಡು ಎನ್ನುತ್ತಿದೆ. ಮೈ ಬಿಗಿಹಿಡಿದು ನೆಟ್ಟ ನೋಟದಿಂದ ನೋಡುತ್ತಾ ಗುರುಗುಟ್ಟುತ್ತಿದ್ದರೆ ಇನ್ನು ಹತ್ತಿರ ಬರಬೇಡ ಎಂದು ಹೇಳಿಯಾಗಿದೆ. ತಿನ್ನುತ್ತಿರುವ ನಾಯಿ, ಮಲಗಿರುವ ನಾಯಿ, ಮರಿ ಹಾಕಿದ ನಾಯಿಯ ಹತ್ತಿರ ಹೋಗಬಾರದು. ಬೆನ್ನಟ್ಟಿ ಬಂದರೆ ಓಡದೆ, ಕೈಗಳನ್ನು ಮೈಗೆ ಸೇರಿಸಿ, ಕಣ್ಣಲ್ಲಿ ಕಣ್ಣಿಡದೆ ಮರದ ಹಾಗೆ ನಿಲ್ಲಬೇಕು. ಕಚ್ಚಿದರೆ, ಪರಚಿದರೂ ಸಹ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು, ಮನೆಯಲ್ಲಿ ಬೈಯುತ್ತಾರೆಂದು ಮುಚ್ಚಿಡಬಾರದು. ಇಷ್ಟು ತಿಳಿದ ಮಗುವಿಗೆ ಕಲ್ಲಿನ ಅಗತ್ಯವೇ ಕಡಿಮೆಯಾಗುತ್ತದೆ. ಜೊತೆಗೆ, ತನಗಿರುವಂತೆಯೇ ನಾಯಿಗೂ ಭಯವಿದೆ ಎಂಬುದು ಯಾರೂ ಬೋಧಿಸದೆ ಅದಕ್ಕೆ ಕಾಣತೊಡಗುತ್ತದೆ.

ನೋಡುವುದನ್ನು ಕಲಿಸಲು ಕೆನಡಾದ ಟೊರಾಂಟೊ ನಗರದಲ್ಲಿ 1996ರಲ್ಲಿ ಮೇರಿ ಗಾರ್ಡನ್ ಎಂಬವರು ಆರಂಭಿಸಿದ ಕ್ರಮವೊಂದು ನನಗೆ ಬಹಳ ಮೆಚ್ಚುಗೆಯಾಗಿದೆ. ಶಾಲೆಯ ಅಕ್ಕಪಕ್ಕದಲ್ಲಿರುವ ಎಳೆಗೂಸೊಂದು ತಾಯಿ ಅಥವಾ ತಂದೆಯ ಜೊತೆ ವರ್ಷದುದ್ದಕ್ಕೂ ಆಗಾಗ ತರಗತಿಗೆ ಬರುತ್ತದೆ. ಮಕ್ಕಳು ಸುತ್ತ ಕುಳಿತು, ಅದು ಈಗ ಏಕೆ ಅತ್ತಿತು, ಏನು ಬೇಕಾಗಿದೆ ಎಂದು ಊಹಿಸುತ್ತಾರೆ, ಅಲ್ಲಿಂದ ತಮ್ಮ ತಮ್ಮ ಅನುಭವದ ಮಾತಿಗೆ ಬರುತ್ತಾರೆ. ನಮ್ಮ ಊರುಗಳಲ್ಲಿ ಇದಕ್ಕೆ ಯಾವ ಯೋಜನೆಯೂ ಬೇಕಿಲ್ಲ. ಬಂಧುಗಳ ಮನೆಯಲ್ಲಿ ಕೂಸಿದ್ದರೆ ಮಗನನ್ನು ಕರೆದುಕೊಂಡು ಹೋಗಿ, ಅದು ಬೋರಲು ಬೀಳಲು ಪಡುವ ಪಾಡನ್ನು ಪಕ್ಕದಲ್ಲಿ ಕುಳಿತು ನೋಡಲು ಬಿಡಿ. ಮಾತು ಬಾರದ ಜೀವ ತನ್ನ ಕಷ್ಟವನ್ನು ಹೇಗೆ ಹೇಳಿಕೊಳ್ಳುತ್ತದೆ ಎಂಬುದನ್ನು ಅಲ್ಲಿ ಕಲಿತವನಿಗೆ ಕರುವೂ ಅರ್ಥವಾಗುತ್ತದೆ, ಉಗ್ಗುವ ಗೆಳೆಯನೂ ಅರ್ಥವಾಗುತ್ತಾನೆ.

ನಮ್ಮ ಜಿಲ್ಲೆಯಲ್ಲಿಯೇ ಇದಕ್ಕೊಂದು ದೊಡ್ಡ ಪಾಠಶಾಲೆಯಿದೆ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಪ್ರತಿವರ್ಷ ಹೆಜ್ಜಾರ್ಲೆಗಳು ಮತ್ತು ಬಣ್ಣದ ಕೊಕ್ಕರೆಗಳು ಮರಿ ಮಾಡಲು ಬರುತ್ತವೆ. ಅವು ಗೂಡು ಕಟ್ಟುವುದು ದೂರದ ಕಾಡಿನಲ್ಲಿ ಅಲ್ಲ, ಊರೊಳಗಿನ ಹಿತ್ತಿಲು ಅಂಗಳಗಳ ಹುಣಸೆ ಮರಗಳಲ್ಲಿ. ತವರಿಗೆ ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳು ಎಂದು ಊರಿನವರು ಅವುಗಳನ್ನು ಕರೆಯುತ್ತಾರೆ. ಹಾಗೆ ಕರೆಯುವುದು ಸುಲಭ, ಇಟ್ಟುಕೊಳ್ಳುವುದು ಸುಲಭವಲ್ಲ: ಹಿಕ್ಕೆ ಮತ್ತು ಮೀನಿನ ಚೂರುಗಳು ಅಂಗಳಕ್ಕೆ ಬೀಳುತ್ತವೆ, ನಾತ ಬರುತ್ತದೆ, ಗೂಡಿರುವ ಮರದ ಹುಣಸೆ ಫಸಲು ಕೈಗೆ ಸಿಗುವುದಿಲ್ಲ. ಅರಣ್ಯ ಇಲಾಖೆ ಮರದ ಒಡೆಯರಿಗೆ ಪರಿಹಾರ ಕೊಡುವ ವ್ಯವಸ್ಥೆಯಿದೆ, 2007ರಲ್ಲಿ ಆ ಜಾಗವನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಗಿದೆ, ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ ಎಂಬುದೂ ನಿಜ. ಆದರೆ ಇವೆಲ್ಲ ಬರುವುದಕ್ಕೆ ಎಷ್ಟೋ ಮೊದಲಿನಿಂದ ಆ ಊರು ಹಕ್ಕಿಗಳನ್ನು ಕಾಯ್ದುಕೊಂಡು ಬಂದಿದೆ. ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ನಮ್ಮ ಹುಡುಗಿಯೊಬ್ಬಳು ಮರದ ಕೆಳಗೆ ಮೂಗು ಮುಚ್ಚಿಕೊಂಡು ನಿಂತಿದ್ದಳು. ಅಂಗಳ ಗುಡಿಸುತ್ತಿದ್ದ ಅಜ್ಜಿ ಅವಳನ್ನು ನೋಡಿ, “ಮರಿ ಹಾರೋಗಂಟ ಹಿಂಗೇಯ ಕಣವ್ವ, ಆಮೇಲೆ ಅವೂ ಇರಕ್ಕಿಲ್ಲ, ವಾಸ್ನೆನೂ ಇರಕ್ಕಿಲ್ಲ” ಎಂದು ಹೇಳಿ ಪೊರಕೆ ಮುಂದುವರಿಸಿದರು. ಗೂಡಿನಿಂದ ಬಿದ್ದ ಮರಿಗಳನ್ನು ಬೇಲಿಯೊಳಗಿಟ್ಟು ಮೀನು ತಿನ್ನಿಸಿ ಸಾಕುವುದನ್ನೂ ಮಕ್ಕಳು ಅಲ್ಲಿ ಕಂಡರು. ಕರುಣೆಯೆಂದರೆ ಗುಡಿಸುವುದು, ಮೀನು ತರುವುದು, ನಾತವನ್ನು ಸಹಿಸಿಕೊಳ್ಳುವುದು ಎಂಬುದನ್ನು ನಾನು ತರಗತಿಯಲ್ಲಿ ನಿಂತು ಅಷ್ಟು ಚೆನ್ನಾಗಿ ಹೇಳಲಾರೆ.

ಮನೆಯಲ್ಲಿ ಇಷ್ಟೇ ಕಾಳಜಿ ಬೇಡುವ ಒಂದು ಸಣ್ಣ ಕೆಲಸವನ್ನು ಅವನಿಗೆ ಪೂರ್ತಿಯಾಗಿ ವಹಿಸಿ. ಬೇಸಿಗೆಯಲ್ಲಿ ಹಕ್ಕಿಗಳಿಗೆ ನೀರಿಡುವುದು ಸಾಕು. ಅಗಲವಾದ, ಆಳವಿಲ್ಲದ ಮಣ್ಣಿನ ತಟ್ಟೆ, ಜೇನುನೊಣ ಬಿದ್ದರೆ ಹತ್ತಿ ಬರಲು ನಡುವೆ ಒಂದು ಕಲ್ಲು, ನೆರಳಿರುವ ಜಾಗ. ಸೊಳ್ಳೆಯಾಗದಂತೆ ದಿನವೂ ನೀರು ಚೆಲ್ಲಿ, ತಟ್ಟೆ ಉಜ್ಜಿ, ಮತ್ತೆ ತುಂಬಬೇಕು. ಭಾನುವಾರವೂ, ಕ್ರಿಕೆಟ್ ಪಂದ್ಯವಿರುವ ದಿನವೂ. ನೀವು ಮಾಡಿಬಿಡಬೇಡಿ, ಮರೆತರೆ ನೆನಪಿಸಿ ಅಷ್ಟೆ. ಇನ್ನೊಂದು ಜೀವದ ಬಾಯಾರಿಕೆ ತನ್ನ ಮನಸ್ಸು ಸರಿಯಿದೆಯೇ ಇಲ್ಲವೇ ಎಂದು ಕಾಯುವುದಿಲ್ಲ ಎಂಬುದು ದಿನವೂ ತಟ್ಟೆ ತೊಳೆಯುವವನಿಗೆ ತಿಳಿಯುತ್ತದೆ. ಆದರೆ ಪ್ರಾಣಿಪ್ರೀತಿ ಬರಲಿ ಎಂದು ಈಗಲೇ ನಾಯಿಮರಿ ತಂದುಕೊಡುವುದನ್ನು ನಾನು ಒಪ್ಪುವುದಿಲ್ಲ. ನಿಮ್ಮ ಮಗನ ಪಾಠಕ್ಕಾಗಿ ಒಂದು ಮರಿ ಕಷ್ಟಪಡುವುದು ನ್ಯಾಯವಲ್ಲ.

ಅಣಕದ ವಿಷಯದಲ್ಲಿ, “ಸಾರಿ ಹೇಳು” ಎಂದು ಒತ್ತಾಯಿಸಿ ಮುಗಿಸಬೇಡಿ, ಹೊಡೆಯಲೂ ಬೇಡಿ. ಶಾಲೆಯಲ್ಲಿ ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಅದೇ ಕಾರಣಗಳು ಮನೆಗೂ ಅನ್ವಯಿಸುತ್ತವೆ. ಪೆಟ್ಟು ತಿಂದ ಮಗು ತನ್ನ ನೋವನ್ನೇ ನೆನೆಯುತ್ತದೆ, ತಾನು ನೋಯಿಸಿದವನನ್ನಲ್ಲ. ಮನಶ್ಶಾಸ್ತ್ರಜ್ಞ ಮಾರ್ಟಿನ್ ಹಾಫ್‌ಮನ್ ದಶಕಗಳ ಅಧ್ಯಯನದಿಂದ ಒತ್ತಿ ಹೇಳಿದ್ದು ಇದನ್ನೇ: ನಿನ್ನ ಮಾತಿನಿಂದ ಅವನಿಗೆ ಏನಾಯಿತು ಎಂಬುದನ್ನು ಬಿಡಿಸಿ ತೋರಿಸುವ ಶಿಸ್ತು, ಅಧಿಕಾರ ಅಥವಾ ಭಯದ ಶಿಸ್ತಿಗಿಂತ ಮಗುವಿನಲ್ಲಿ ಆಳವಾಗಿ ನಿಲ್ಲುತ್ತದೆ. ಅವನು ಶಾಂತವಾಗಿರುವಾಗ, ಉತ್ತರ ಗೊತ್ತಿದ್ದರೂ ಕೈ ಎತ್ತದೆ ಕುಳಿತುಕೊಳ್ಳುವ ಹುಡುಗನಿಗೆ ತರಗತಿ ಹೇಗಿರುತ್ತದೆ ಎಂಬುದನ್ನು ಮಾತಾಡಿ. ಆಮೇಲೆ ಮಾಡಬೇಕಾದದ್ದನ್ನು ಹೇಳಿಕೊಡಿ. ಉಗ್ಗುವವರ ಮಾತನ್ನು ನಾವು ಪೂರ್ತಿ ಮಾಡಿಕೊಡಬಾರದು, “ನಿಧಾನ, ನಿಧಾನ” ಎನ್ನಬಾರದು, ಮುಖ ತಿರುಗಿಸದೆ ಕಾಯಬೇಕು, ಹೇಗೆ ಹೇಳಿದ ಎಂಬುದಕ್ಕಲ್ಲ, ಏನು ಹೇಳಿದ ಎಂಬುದಕ್ಕೆ ಉತ್ತರಿಸಬೇಕು. ಎಷ್ಟೋ ಮಕ್ಕಳು ನಗುವುದು ಬೇರೇನು ಮಾಡಬೇಕೆಂದು ತೋಚದೆ.

ಕಾಯುವುದಕ್ಕೆ ಸಮಯ ಬೇಕು ಎಂಬುದನ್ನು ಇಲ್ಲಿ ಹೇಳಲೇಬೇಕು. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಡಾರ್ಲಿ ಮತ್ತು ಬ್ಯಾಟ್ಸನ್ ಎಂಬ ಸಂಶೋಧಕರು ಧರ್ಮಶಾಸ್ತ್ರದ ವಿದ್ಯಾರ್ಥಿಗಳ ಮೇಲೆ ನಡೆಸಿದ, 1973ರಲ್ಲಿ ಪ್ರಕಟವಾದ ಪ್ರಯೋಗವನ್ನು ನಾನು ಪೋಷಕರ ಸಭೆಗಳಲ್ಲಿ ಹೇಳುತ್ತಿದ್ದೆ. ಭಾಷಣ ಮಾಡಲು ಇನ್ನೊಂದು ಕಟ್ಟಡಕ್ಕೆ ಹೋಗುತ್ತಿದ್ದ ಆ ವಿದ್ಯಾರ್ಥಿಗಳ ದಾರಿಯಲ್ಲಿ ಒಬ್ಬ ಮನುಷ್ಯ ಕುಸಿದು ನರಳುತ್ತಿದ್ದ. ಅವಸರವಿಲ್ಲದವರಲ್ಲಿ 63% ಮಂದಿ ಸಹಾಯಕ್ಕೆ ಮುಂದಾದರೆ, ತಡವಾಗಿದೆ ಎಂದು ಅವಸರಪಡಿಸಲಾಗಿದ್ದವರಲ್ಲಿ ಮುಂದಾದವರು ಕೇವಲ 10%. ಆ ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಮಂದಿ ಭಾಷಣ ಮಾಡಲಿದ್ದ ವಿಷಯವೇ ದಾರಿಯಲ್ಲಿ ಬಿದ್ದವನಿಗೆ ನೆರವಾದ ದಯಾಳುವಿನ ಬೈಬಲ್ ಕಥೆ. ಬೆಳಗ್ಗೆ ಎದ್ದಾಗಿನಿಂದ ವ್ಯಾನು, ಟ್ಯೂಷನ್, ಹೋಂವರ್ಕ್ ಎಂದು ಓಡಿಸಲ್ಪಡುವ ಮಗುವಿನಿಂದ ನಾವು ಕರುಣೆಯನ್ನು ನಿರೀಕ್ಷಿಸುತ್ತಿದ್ದೇವೆ. ದಿನದಲ್ಲಿ ಸ್ವಲ್ಪ ಹೊತ್ತಾದರೂ ಅವನನ್ನು ಯಾರೂ ಅವಸರಪಡಿಸದಿರಲಿ.

ಇನ್ನು ಮನೆಯ ದೊಡ್ಡವರ ಮಾತು. ನಾಯಿಗೆ ಬಿಸ್ಕತ್ತು ಹಾಕುವ ಮನೆಗಳಲ್ಲಿಯೇ ಮನೆಗೆಲಸದವರಿಗೆಂದು ಬೇರೆ ಲೋಟ ಇರುವುದನ್ನು ನಾನು ನೋಡಿದ್ದೇನೆ. ಅಜ್ಜಿಯಷ್ಟು ವಯಸ್ಸಾದ ಕೆಲಸದಾಕೆಯನ್ನು ಎಂಟು ವರ್ಷದ ಮಗು “ಅವಳು ಬಂದಳು” ಎನ್ನುತ್ತದೆ, ಯಾರೂ ತಿದ್ದುವುದಿಲ್ಲ. ಕಸದ ಗಾಡಿಯ ಪೌರಕಾರ್ಮಿಕರು ನೀರು ಕೇಳಿದರೆ ಗೇಟಿನ ಹೊರಗೇ ಕೈಗೆ ಸುರಿಯುತ್ತೇವೆ. ಯಾರ ನೋವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಯಾರದನ್ನು ಬಿಡಬಹುದು ಎಂಬ ಗೆರೆಯನ್ನು ಮಕ್ಕಳು ಇಂಥ ಕಡೆ ಕಲಿಯುತ್ತಾರೆ, ಮತ್ತು ಪ್ರಾಣಿದಯೆಯ ಎಷ್ಟು ಪಾಠಗಳೂ ಆ ಗೆರೆಯನ್ನು ಅಳಿಸಲಾರವು. ನಿಮ್ಮ ಮನೆಯಲ್ಲಿ ಹೀಗಿದೆ ಎಂದು ನಾನು ಹೇಳುತ್ತಿಲ್ಲ. ಒಮ್ಮೆ ನೋಡಿಕೊಳ್ಳಿ ಎಂದು ಕೇಳಿಕೊಳ್ಳುತ್ತಿದ್ದೇನೆ. ಊಟದ ವಿಷಯವೂ ಇದಕ್ಕೆ ಸೇರಿದ್ದು. ಬಿಸಿಯೂಟದಲ್ಲಿ ಮೊಟ್ಟೆ ತೆಗೆದುಕೊಳ್ಳುವವರು, ಬಾಳೆಹಣ್ಣು ತೆಗೆದುಕೊಳ್ಳುವವರು ಒಂದೇ ಸಾಲಿನಲ್ಲಿ ಕೂರುತ್ತಾರೆ. ಮಾಂಸ ತಿನ್ನುವವರಿಗೆ ದಯೆಯಿರುವುದಿಲ್ಲ ಎಂಬ ಮಾತನ್ನು ಪಕ್ಕದಲ್ಲಿ ಕುಳಿತ ಮಗು ಕೇಳಿಸಿಕೊಂಡರೆ, ದಯೆಯ ಹೆಸರಿನಲ್ಲಿಯೇ ಅದನ್ನು ನೋಯಿಸಿದಂತಾಗುತ್ತದೆ.

ಕಾನೂನನ್ನು ತೋರಿಸಿ ಮಗುವನ್ನು ಹೆದರಿಸುವುದು ಬೇಡ. ಆದರೆ ಜೀವಿಗಳ ಬಗ್ಗೆ ಅನುಕಂಪವಿರುವುದು ಸಂವಿಧಾನದ 51ಎ ವಿಧಿಯಲ್ಲಿ ನಾಗರಿಕರ ಮೂಲಭೂತ ಕರ್ತವ್ಯಗಳಲ್ಲಿ ಒಂದಾಗಿದೆ, ಪ್ರಾಣಿಹಿಂಸೆಯನ್ನು ತಡೆಯುವ ಕಾಯ್ದೆ 1960ರಿಂದಲೇ ಇದೆ ಎಂಬುದನ್ನು ಅವನು ತಿಳಿದಿರಲಿ.

ಒಂದು ವಿಷಯದಲ್ಲಿ ಮಾತ್ರ ಕಾಯಬೇಡಿ. ಭಯದಿಂದಲ್ಲದೆ, ಯಾರೂ ಇಲ್ಲದಾಗ ಪ್ರಾಣಿಗಳನ್ನು ಹಿಡಿದು ಮತ್ತೆ ಮತ್ತೆ ಹಿಂಸಿಸುತ್ತಿದ್ದರೆ, ಅದರಿಂದ ಖುಷಿಪಡುತ್ತಿದ್ದರೆ, ಮಕ್ಕಳ ಮನೋವೈದ್ಯರನ್ನು ಕಾಣಬೇಕು. ಅಂಥ ಮಗುವನ್ನು ಎಲ್ಲೋ ಯಾರೋ ನೋಯಿಸುತ್ತಿರುವ ಸಾಧ್ಯತೆಯೂ ಇರುತ್ತದೆ. ಆದ್ದರಿಂದ ವಿಚಾರಣೆಯ ದನಿಯಲ್ಲಿ ಕೇಳಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗಾಗಿಯೇ ವಿಭಾಗವಿದೆ, ಮೊದಲು ಫೋನಿನಲ್ಲಿ ಮಾತಾಡಬೇಕೆನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ನೀವು ಬರೆದಷ್ಟನ್ನು ನೋಡಿದರೆ ನಿಮ್ಮ ಮಗನ ವಿಷಯದಲ್ಲಿ ಹಾಗೆಂದು ನನಗೆ ಅನಿಸುವುದಿಲ್ಲ.

ನಿಮ್ಮ ಪ್ರಶ್ನೆಯಲ್ಲಿ ಉಗ್ಗುವ ಆ ಹುಡುಗನ ಬಗ್ಗೆ ಅರ್ಧ ಸಾಲಷ್ಟೇ ಇದೆ. ನಿಮ್ಮ ಮಗ ಬದಲಾಗಲು ತಿಂಗಳುಗಳೇ ಬೇಕಾಗಬಹುದು, ಅಲ್ಲಿಯವರೆಗೆ ಆ ಹುಡುಗ ದಿನವೂ ಅದೇ ತರಗತಿಗೆ ಬರಬೇಕು. ಆದ್ದರಿಂದ ಈ ವಾರವೇ ತರಗತಿಯ ಶಿಕ್ಷಕರನ್ನು ಭೇಟಿ ಮಾಡಿ, ನಡೆಯುತ್ತಿರುವುದನ್ನು ನೀವಾಗಿಯೇ ತಿಳಿಸಿ, ಆ ಹುಡುಗನಿಗೆ ರಕ್ಷಣೆ ಸಿಗುವಂತೆ ನೋಡಿಕೊಳ್ಳಿ. ಅವನ ತಂದೆತಾಯಿಗಳ ಜೊತೆ ಮಾತಾಡುವುದಾದರೆ ಮಗನನ್ನು ಸಮರ್ಥಿಸಿಕೊಳ್ಳದೆ ಅವರು ಹೇಳುವುದನ್ನು ಪೂರ್ತಿ ಕೇಳಿ. ಅಲ್ಲಿಗೆ ಮಗನನ್ನು ಎಳೆದುಕೊಂಡು ಹೋಗುವ ಅಗತ್ಯವಿಲ್ಲ. ನೀವು ಹೋಗಿ ಬಂದಿರಿ, ಏಕೆ ಹೋಗಿದ್ದಿರಿ ಎಂಬುದನ್ನು ಅವನಿಗೆ ಹೇಳಿದರೆ ಸಾಕು.