ಹಾಡೂ ಸಾಕ್ಷಿ ಹೇಳುತ್ತದೆ

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: ‘1954ರ ತಮಿಳು ಚಿತ್ರ “ಅಂದ ನಾಳ್” ನೋಡಿದೆ. ಕೊಲೆಯ ಕಥೆ. ಹಾಡಿಲ್ಲ, ಕುಣಿತವಿಲ್ಲ, ಹೊಡೆದಾಟವಿಲ್ಲ. ಪತ್ತೇದಾರಿ ಚಿತ್ರಕ್ಕೆ ಹಾಡು ಎಂಬುದು ಅಂಟಿಕೊಂಡ ಜಾಡ್ಯ ಎನ್ನಲು ಇನ್ನೇನು ಪುರಾವೆ ಬೇಕು?’

ಸ್ವಾಮಿ, ಒಳ್ಳೆಯ ಚಿತ್ರವನ್ನೇ ನೋಡಿದ್ದೀರಿ. 1943ರ ಅಕ್ಟೋಬರ್, ಮದ್ರಾಸಿನ ಮೇಲೆ ಜಪಾನಿನ ಬಾಂಬು ಬಿದ್ದ ಹೊತ್ತು; ರೇಡಿಯೋ ಇಂಜಿನಿಯರ್ ಒಬ್ಬ ಗುಂಡೇಟಿಗೆ ಸಾಯುತ್ತಾನೆ, ಉಳಿದವರು ತಮಗೆ ತೋಚಿದ ಕಥೆ ಹೇಳುತ್ತಾರೆ. ಸತ್ತವನು ಶಿವಾಜಿ ಗಣೇಶನ್, ಹೆಂಡತಿ ನಮ್ಮ ಪಂಢರಿಬಾಯಿ. ಅದೇ ವರ್ಷ ‘ಬೇಡರ ಕಣ್ಣಪ್ಪ’ನ ನೀಲಾ ಕೂಡ ಅವರೇ. ಹಾಡಿಲ್ಲದೆ ಚಿತ್ರ ತೆಗೆಯುವ ಧೈರ್ಯ ಮಾಡಿದ ನಿರ್ದೇಶಕರಿಗೂ, ಹಣ ಹಾಕಿದ ಎವಿಎಂ ಮೆಯ್ಯಪ್ಪನ್ ಅವರಿಗೂ ನಮಸ್ಕಾರ.

ಆದರೆ ಆ ನಿರ್ದೇಶಕರು ಯಾರು ಅಂತ ನೋಡಿದಿರಾ? ಎಸ್. ಬಾಲಚಂದರ್. ಗುರುವಿಲ್ಲದೆ ವೀಣೆ ಕಲಿತು ವೀಣಾ ವಿದ್ವಾಂಸರೆಂದು ಹೆಸರು ಮಾಡಿದವರು. ಹಾಡೆಂದರೆ ಮೂಗು ಮುರಿಯುವ ಪೈಕಿ ಅಲ್ಲ. ಹತ್ತು ವರ್ಷ ಕಳೆದು ಅವರೇ ‘ಬೊಮ್ಮೈ’ ತೆಗೆದರು. ಬಾಂಬು ಅಡಗಿಸಿಟ್ಟ ಗೊಂಬೆಯೊಂದು ಕೈಯಿಂದ ಕೈಗೆ ಹೋಗುವ ಕಥೆ. ಅದರಲ್ಲಿ ಹಾಡಿದೆ, ಸಂಗೀತವೂ ಅವರದೇ. ನೀನೂ ಬೊಂಬೆ, ನಾನೂ ಬೊಂಬೆ ಎಂದು ಯೇಸುದಾಸ್ ಹಾಡಿದ್ದು ಅಲ್ಲಿಯೇ. ತಮಿಳಿನಲ್ಲಿ ಅವರ ಮೊದಮೊದಲ ಹಾಡುಗಳಲ್ಲಿ ಅದೊಂದು. ಹಾಡು ಜಾಡ್ಯವಾಗಿದ್ದರೆ, ಒಮ್ಮೆ ವಾಸಿಯಾದವರು ಬೇಕೆಂದೇ ಮತ್ತೆ ಅಂಟಿಸಿಕೊಳ್ಳುತ್ತಿದ್ದರೇ?

ಈಗ ನನ್ನ ಕಡೆಯ ಸಾಕ್ಷಿ ಕರೆಯುತ್ತೇನೆ: 1964ರ ‘ಪುದಿಯ ಪರವೈ’. ದಾದಾ ಮಿರಾಸಿ ನಿರ್ದೇಶನ, ವಿಶ್ವನಾಥನ್–ರಾಮಮೂರ್ತಿ ಸಂಗೀತ, ಕಣ್ಣದಾಸನ್ ಸಾಹಿತ್ಯ. ಸಿಂಗಪುರದಿಂದ ಹಡಗಿನಲ್ಲಿ ಬರುವ ಸಿರಿವಂತ ಗೋಪಾಲ್, ಮತ್ತೆ ಶಿವಾಜಿ. ರೈಲಿನ ಸದ್ದು ಕೇಳಿದರೆ ಬೆವರುತ್ತಾನೆ, ಅವನ ಹೆಂಡತಿ ಚಿತ್ರಾ ರೈಲಿಗೆ ಸಿಕ್ಕಿ ಸತ್ತಿದ್ದಾಳೆ. ಹಡಗಿನಲ್ಲಿ ಪರಿಚಯವಾದ ಲತಾಳನ್ನು, ಎಂದರೆ ನಮ್ಮ ಸರೋಜಾದೇವಿಯನ್ನು, ಮದುವೆಯಾಗಲು ಹೊರಟಾಗ ‘ನಾನೇ ಚಿತ್ರಾ’ ಎಂದು ಒಬ್ಬಳು ಬಂದು ನಿಲ್ಲುತ್ತಾಳೆ. ಆಕೆ ಸೌಕಾರ್ ಜಾನಕಿ.

ಸಿಂಗಪುರದ ಕ್ಲಬ್ಬಿನಲ್ಲಿ ಚಿತ್ರಾ ಹಾಡಿದ್ದು ‘ಪಾರ್ತ್ತ ಞಾಬಗಂ ಇಲ್ಲೈಯೋ’, ಕಂಡ ನೆನಪಿಲ್ಲವೇ ಎಂದು. ಪಿ. ಸುಶೀಲಾ ಕಂಠ, ಕುಣಿಸುವ ಲಯ, ಗೋಪಾಲ್ ಮರುಳಾಗುತ್ತಾನೆ. ಸತ್ತವಳು ಎದ್ದು ಬಂದಮೇಲೆ ಅದೇ ಹಾಡು ನಿಧಾನಕ್ಕೆ, ಅಳುವ ಧಾಟಿಯಲ್ಲಿ ಮರಳಿ ಬರುತ್ತದೆ. ಅವನು ‘ಇವಳು ಅವಳಲ್ಲ’ ಎಂದು ಒದ್ದಾಡುತ್ತಿದ್ದಾನೆ. ನಮ್ಮ ಕಿವಿ ‘ಅವಳೇ’ ಅನ್ನುತ್ತಿದೆ. ಅದೇ ಚಿತ್ರದಲ್ಲಿ ಸರೋಜಾದೇವಿಗೂ ಸುಶೀಲಾ ಅವರೇ ಹಾಡಿದ್ದಾರಲ್ಲ ಎಂದು ನೀವು ತಕರಾರು ತೆಗೆಯುತ್ತೀರಿ, ಗೊತ್ತು. ಹಾಡಿದ್ದಾರೆ. ಆದರೆ ಈ ರಾಗ ಚಿತ್ರಾಳದು ಎಂದು ಕ್ಲಬ್ಬಿನಲ್ಲೇ ನಮ್ಮ ತಲೆಗೆ ತುಂಬಿದ್ದಾರಲ್ಲ, ಮೋಸ ನಡೆಯುವುದು ಅಲ್ಲಿ. ಹಾಡನ್ನು ಕಿತ್ತರೆ ಕಥೆಯ ಬುಡವೇ ಅಲುಗುತ್ತದೆ.

ಬೆಂಗಳೂರಿನ ದಂಡು ಪ್ರದೇಶದ ಟಾಕೀಸೊಂದರ ಬೆಳಗಿನ ಆಟದಲ್ಲಿ ಇದನ್ನು ನೋಡುವಾಗ, ಕ್ಲಬ್ಬಿನ ಹಾಡು ಶುರುವಾಗುತ್ತಲೇ ನನ್ನ ಪಕ್ಕದವರು ಬೀಡಿ ಸೇದಲು ಎದ್ದು ಹೋದರು. ಬಂದವರೇ ‘ಯಾರ್ ಸಾರ್ ಈಯಮ್ಮ?’ ಅಂದರು. ಮುಂದೆ ಆಕೆ ಮತ್ತೆ ಪ್ರತ್ಯಕ್ಷಳಾಗಿ ಅದೇ ಹಾಡು ಬಂದಾಗ ಇಡೀ ಟಾಕೀಸು ಉಸಿರು ಬಿಗಿ ಹಿಡಿದರೆ, ಈ ಮಹಾನುಭಾವರು ಬೆಂಕಿಪೆಟ್ಟಿಗೆ ತಡಕುತ್ತಿದ್ದರು.

ಇನ್ನು ‘ಎಂಗೇ ನಿಮ್ಮದಿ’. ಭಾರಿ ವಾದ್ಯಮೇಳ, ನಡುವೆ ಟಿ.ಎಂ. ಸೌಂದರರಾಜನ್ ದನಿ, ನೆಮ್ಮದಿ ಎಲ್ಲಿ ಎಂದು ಹುಡುಕುವ ಗೋಪಾಲ್. ಮೊದಲ ಸಲ ನೋಡಿದಾಗ ಪಾಪ ಅನ್ನಿಸುತ್ತದೆ. ಹೆಂಡತಿ ಸತ್ತದ್ದು ಅವನ ಏಟಿಗೆ, ಹೆಣವನ್ನು ಹಳಿಯ ಮೇಲೆ ಹಾಕಿದ್ದೂ ಅವನೇ, ಲತಾ ಪೊಲೀಸಿನವಳು ಎಂದು ತಿಳಿದಮೇಲೆ ಎರಡನೇ ಸಲ ಕೇಳಿ. ಕೊನೆಯಲ್ಲಿ ಬಾಯಿಬಿಟ್ಟು ಹೇಳುವುದನ್ನು ಅವನು ಈ ಹಾಡಿನಲ್ಲೇ ಅರ್ಧ ಹೇಳಿಬಿಟ್ಟಿದ್ದಾನೆ.

ಕೆಟ್ಟ ಜಾಗದಲ್ಲಿ ತುರುಕಿದ ಹಾಡುಗಳಿವೆ, ಒಪ್ಪಿದೆ. ಇನ್‌ಸ್ಪೆಕ್ಟರ್ ಕಳ್ಳನ ಬೆನ್ನು ಹತ್ತಿರುವಾಗ ನಾಯಕಿ ಹಿಮದಲ್ಲಿ ಶಿಫಾನ್ ಸೀರೆ ಹಾರಿಸಿದರೆ ನನಗೂ ಉರಿಯುತ್ತದೆ. ಅದಕ್ಕೆಂದು ಹಾಡನ್ನೇ ಓಡಿಸುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಹಾಡು ತೆಗೆದ ಜಾಗಕ್ಕೆ ಈಗ ಏನು ಬಂದಿದೆ ಹೇಳಿ? ಮೌನವೇ? ಬಾಗಿಲು ತೆರೆದರೆ ಢಮ್, ಮುಚ್ಚಿದರೆ ಢಮ್, ನಾಯಕ ಕಾಫಿ ಲೋಟ ಎತ್ತಿದರೂ ಎದೆ ನಡುಗಿಸುವ ಗುಡುಗು. ಹೆದರಬೇಕಾದ ಕಡೆ ಹೆದರಲೂ ಬಿಡುವುದಿಲ್ಲ. ಮನೆಯಲ್ಲಿ ನೋಡುವವರ ಬೆರಳಂತೂ ಪಲ್ಲವಿ ಕೇಳಿದೊಡನೆ ಮುಂದಕ್ಕೆ ಓಡಿಸುತ್ತದೆ. ಹೀಗಾದಮೇಲೆ ಹಾಡು ಬರೆಯುವವರು ಕಥೆಗೆ ಬೇಕಾದ ಸಾಲು ಯಾರಿಗಾಗಿ ಬರೆಯಬೇಕು?

ವಿಮರ್ಶಕರದೂ ಪಾಲಿದೆ. ಎರಡು ಪುಟ ಬರೆದು ಕೊನೆಗೆ ‘ಹಾಡುಗಳು ಪರವಾಗಿಲ್ಲ’ ಎಂದು ಕೈತೊಳೆದುಕೊಳ್ಳುತ್ತಾರೆ. ಯಾವ ಹಾಡು, ಕಥೆಯ ಎಲ್ಲಿ, ಏನು ಮಾಡಿತು? ಮುಂದಿನ ಸಂಚಿಕೆಯಿಂದ ಇದನ್ನು ಬರೆಯದ ವಿಮರ್ಶೆ ಅಚ್ಚಿಗೆ ಹೋಗದು ಎಂದು ನಮ್ಮವರಿಗೆ ಹೇಳಿದ್ದೇನೆ. ಈಗಾಗಲೇ ಗೊಣಗುತ್ತಿದ್ದಾರೆ.