ಮಗನನ್ನು ‘ಶಿಸ್ತಿನ ಶಿಬಿರ’ಕ್ಕೆ ಕಳಿಸಲೇ?

ಪ್ರಶ್ನೆ: ಮೇಡಂ, ನಮ್ಮದು ಕೊಪ್ಪಳ ಜಿಲ್ಲೆಯ ಕಾರಟಗಿ. ಯಜಮಾನರದ್ದು ಗೊಬ್ಬರ, ಔಷಧಿ ಅಂಗಡಿ. ಮಗನಿಗೆ 16 ವರ್ಷ. ಎಸ್ಸೆಸ್ಸೆಲ್ಸಿ ತನಕ ಕನ್ನಡ ಮಾಧ್ಯಮ, ಶೇ 91 ತೆಗೆದಿದ್ದ. ಈಗ ಪಿಯುಸಿ ಸೈನ್ಸ್, ಜೊತೆಗೆ ನೀಟ್ ಕೋಚಿಂಗ್. ದೀಪಾವಳಿ ಆದ ಮೇಲೆ ಕೋಚಿಂಗ್‌ಗೆ ಹೋಗುವುದನ್ನೇ ಬಿಟ್ಟ. ಹಗಲು ಮಲಗುತ್ತಾನೆ, ರಾತ್ರಿಯೆಲ್ಲ ಮೊಬೈಲ್ ಗೇಮ್. ಏನು ಕೇಳಿದರೂ ಎದುರು ಮಾತು. ಹೋದ ತಿಂಗಳು ಅವರಪ್ಪ ಬೆಲ್ಟ್ ತೆಗೆದುಕೊಂಡು ಹೊಡೆದಾಗ ಕೈ ಹಿಡಿದು ತಳ್ಳಿಬಿಟ್ಟ. ಒಂದು ಶಿಬಿರದ ವಿಡಿಯೊ ನೋಡಿ ಫೋನ್ ಮಾಡಿದೆವು. ಮಿಲಿಟರಿ ಮಾದರಿ, 90 ದಿನ, 1.40 ಲಕ್ಷ ರೂಪಾಯಿ. ಮಗನ ವಯಸ್ಸು, ತೂಕ, ಯಜಮಾನರ ಕೆಲಸ ಕೇಳಿದರು. ಈ ಬ್ಯಾಚ್‌ನಲ್ಲಿ ಮೂರೇ ಸೀಟು ಉಳಿದಿವೆ ಅಂದರು. ಹುಡುಗನಿಗೆ ಹೇಳಬೇಡಿ, ಗೋವಾ ಟ್ರಿಪ್ ಅನ್ನಿ, ಗಾಡಿ ನಾವೇ ಕಳಿಸುತ್ತೇವೆ ಅಂದರು. ಮೊದಲ 30 ದಿನ ಫೋನ್ ಇಲ್ಲ, ಭೇಟಿ ಇಲ್ಲ. ಆಮೇಲೆ ಅತ್ತು ಕರೆದರೂ ನಂಬಬೇಡಿ, ಅದು ನಾಟಕ ಅಂತಲೂ ಹೇಳಿದರು. 10 ಸಾವಿರ ಅಡ್ವಾನ್ಸ್ ಕೊಟ್ಟಿದ್ದೇವೆ. ಅಂದಿನಿಂದ ನನಗೆ ನಿದ್ದೆ ಇಲ್ಲ. ಕಳಿಸಲೇ, ಬೇಡವೇ?
(ಹೆಸರು ಬೇಡ, ಕಾರಟಗಿ)

ಉತ್ತರ (ಮಕ್ಕಳ ಆಪ್ತಸಮಾಲೋಚಕಿ, ಬಳ್ಳಾರಿ): ಅಕ್ಕಾ, ಕಳಿಸಬೇಡಿ. ಕೊಟ್ಟ ಹತ್ತು ಸಾವಿರ ಹೋದರೂ ಹೋಗಲಿ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಅವರು ವಯಸ್ಸು ಕೇಳಿದ್ದಾರೆ, ತೂಕ ಕೇಳಿದ್ದಾರೆ, ಅಪ್ಪನ ಕೆಲಸ ಕೇಳಿದ್ದಾರೆ. ಹುಡುಗ ಯಾವಾಗಿನಿಂದ ಹೀಗಾದ, ಮೊದಲು ಹೇಗಿದ್ದ ಅಂತ ಮಾತ್ರ ಕೇಳಿಲ್ಲ. ಜ್ವರ ಅಂತ ಹೋದರೂ ಡಾಕ್ಟರು ‘ಎಷ್ಟು ದಿನದಿಂದ?’ ಅಂತ ಕೇಳುತ್ತಾರೆ ಅಲ್ವಾ? ಮಗನಿಗೆ ಏನಾಗಿದೆ ಅಂತ ತಿಳಿಯದೆಯೇ 90 ದಿನದಲ್ಲಿ ಸರಿ ಮಾಡುತ್ತೇವೆ ಅಂದವರು ಅವನ ಬಗ್ಗೆ ಯೋಚಿಸಿಲ್ಲ. ನಿಮ್ಮ ಹೆದರಿಕೆ ಎಷ್ಟಿದೆ ಅಂತ ಅಳೆದಿದ್ದಾರೆ.

ಅಮೆರಿಕದಲ್ಲಿ ಈ ವ್ಯಾಪಾರ ದಶಕಗಳಿಂದ ನಡೆದಿದೆ. ಅಲ್ಲಿ ಬೂಟ್ ಕ್ಯಾಂಪ್ ಅನ್ನುತ್ತಾರೆ. ಅಲ್ಲಿನ ಸಂಸತ್ತಿನ ಲೆಕ್ಕ ತನಿಖಾ ಕಚೇರಿಯವರು ತಂದೆತಾಯಿಯ ವೇಷದಲ್ಲಿ ಇಂಥ ಕಡೆ ಫೋನ್ ಮಾಡಿ, ಇಲ್ಲದ ಮಕ್ಕಳ ಕಥೆ ಹೇಳಿ, 2008ರಲ್ಲಿ ಅದರ ವರದಿ ಕೊಟ್ಟರು. ಶಿಬಿರ ಹುಡುಕಿಕೊಡುವ ಒಂದು ಏಜೆನ್ಸಿಗೆ ಮೂರು ಬೇರೆ ಬೇರೆ ಮಕ್ಕಳ ಕಥೆ ಹೇಳಿದ್ದರು. ಮೂವರಿಗೂ ಸಿಕ್ಕಿದ್ದು ಒಂದೇ ಶಿಬಿರದ ಹೆಸರು. ವಿಚಾರಿಸಿದರೆ, ಏಜೆನ್ಸಿಯವರೂ ಶಿಬಿರದವರೂ ಗಂಡ ಹೆಂಡತಿ!

ನೀವು ಬರೆದದ್ದರಲ್ಲಿ ನನಗೆ ತೀರಾ ಭಯ ಹುಟ್ಟಿಸಿದ್ದು ‘ಅದು ನಾಟಕ, ನಂಬಬೇಡಿ’ ಅನ್ನುವ ಮಾತು. ಮಗ ಬಾಯಿ ಬಿಡುವ ಮೊದಲೇ ತಾಯಿಯ ಕಿವಿ ಮುಚ್ಚುವ ಮಾತು ಅದು. 2006ರ ಜನವರಿಯಲ್ಲಿ ಫ್ಲಾರಿಡಾದಲ್ಲಿ 14 ವರ್ಷದ ಹುಡುಗನೊಬ್ಬ ಪೊಲೀಸರೇ ನಡೆಸುತ್ತಿದ್ದ ಬೂಟ್ ಕ್ಯಾಂಪ್ ಸೇರಿದ. ಮೊದಲ ದಿನವೇ ಓಡಿಸಿದರು. ಓಡಲಾರದೆ ಕುಸಿದ. ನಾಟಕ ಮಾಡುತ್ತಿದ್ದಾನೆ ಅಂದುಕೊಂಡು ಕಾವಲಿನವರು ಅವನನ್ನು ಹಿಡಿದು ಒತ್ತಿದರು, ಮೂಗಿಗೆ ಅಮೋನಿಯಾ ಹಿಡಿದರು. ಮರುದಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಅದೇ ವರ್ಷ ಆ ರಾಜ್ಯ ತನ್ನ ಬೂಟ್ ಕ್ಯಾಂಪ್‌ಗಳನ್ನೆಲ್ಲ ಮುಚ್ಚಿತು. ಅಲ್ಲಿನ ಖಾಸಗಿ ಶಿಬಿರಗಳ ಸಾವುಗಳನ್ನು ತನಿಖೆ ಮಾಡಿದಾಗಲೂ ಹಲವು ಪ್ರಕರಣಗಳಲ್ಲಿ ಇದೇ ಸಿಕ್ಕಿತು. ಹುಡುಗ ನಿಜವಾಗಿ ನರಳುತ್ತಿದ್ದ, ಸಿಬ್ಬಂದಿ ನಂಬಿರಲಿಲ್ಲ.

ಹಾಗಾದರೆ ವಿಡಿಯೊದಲ್ಲಿ ಮಕ್ಕಳು ಬದಲಾಗಿದ್ದಾರಲ್ಲ ಅಂತ ನೀವು ಕೇಳಬಹುದು. ನಾನೂ ಅಂಥವನ್ನು ನೋಡಿದ್ದೇನೆ. ಕೊನೆಯ ದಿನ ಮಕ್ಕಳು ಸಾಲಾಗಿ ಕೂತು ತಂದೆತಾಯಿಯ ಪಾದ ತೊಳೆಯುತ್ತಾರೆ, ಹಿಂದೆ ಹಾಡು, ಎಲ್ಲರ ಕಣ್ಣಲ್ಲೂ ನೀರು. ಆದರೆ ಅದು 90ನೇ ದಿನದ ವಿಡಿಯೊ. ಶಿಬಿರದ ಮೈದಾನದಲ್ಲೇ ತೆಗೆದದ್ದು. ಆರು ತಿಂಗಳ ನಂತರ ಆ ಹುಡುಗನ ಮನೆಗೆ ಹೋಗಿ ತೆಗೆದ ವಿಡಿಯೊ ಇದ್ದರೆ ಕಳಿಸಿ ಅಂತ ಕೇಳಿ ನೋಡಿ.

ಅಂಥ ಒಬ್ಬ ಹುಡುಗನನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅವನ ತಂದೆ ಬ್ರೋಷರ್ ಹಿಡಿದುಕೊಂಡು ಬಂದು ಕೇಳಿದಾಗ ನಾನು ಗಟ್ಟಿಯಾಗಿ ಬೇಡ ಅನ್ನಲಿಲ್ಲ. ‘ಯೋಚನೆ ಮಾಡಿ’ ಅಂದು ಸುಮ್ಮನಾದೆ. ಆ ತಪ್ಪು ನನ್ನದೇ. ಹುಡುಗ ವಾಪಸ್ ಬಂದ ವಾರ ಅವರ ಮನೆಗೆ ಹೋಗಿದ್ದೆ. ಯಾರು ಒಳಗೆ ಬಂದರೂ ಥಟ್ಟನೆ ಎದ್ದು ನಿಲ್ಲುತ್ತಿದ್ದ, ಎರಡೂ ಕೈ ತೊಡೆಗೆ ಅಂಟಿಸಿ. ಅಡುಗೆಮನೆ ಬಾಗಿಲಲ್ಲಿ ನಿಂತು, ಹೆತ್ತ ತಾಯಿಯನ್ನು ‘ನೀರು ಕುಡಿಯಲಾ?’ ಅಂತ ಕೇಳಿದ. ತಂದೆ ಹೆಮ್ಮೆಯಿಂದ ನನ್ನ ಕಡೆ ನೋಡಿದರು. ತಾಯಿ ಲೋಟ ಕೊಟ್ಟು ಒಳಗೆ ಹೋಗಿ ಅತ್ತರು. ಮೂರು ತಿಂಗಳಿಗೆ ಹುಡುಗ ಮನೆ ಬಿಟ್ಟು ಹೋದ. ಗುಂತಕಲ್ ಸ್ಟೇಷನ್‌ನಲ್ಲಿ ಸಿಕ್ಕಿದ. ಯಾಕಪ್ಪಾ ಅಂದರೆ, ‘ಇವರು ಯಾವಾಗ ಬೇಕಾದರೂ ಮತ್ತೆ ಗಾಡಿ ಕರೆಸಬಹುದು’ ಅಂದ.

ಕಾನೂನಿನ ಮಾತು ಎರಡೇ. ನಡತೆ ಕೆಟ್ಟಿದೆ, ಚಟ ಹಿಡಿದಿದೆ, ಚಿಕಿತ್ಸೆ ಕೊಡುತ್ತೇವೆ ಅಂತ ಶಿಬಿರದವರು ಹೇಳುವುದಾದರೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ನೋಂದಣಿ ಇರಬೇಕು. 18 ತುಂಬದ ಮಗುವನ್ನು ಅಂಥ ಕಡೆ ಸೇರಿಸಿದರೆ ಮನೆಯವರೋ ಜೊತೆಗಾರರೋ ಒಬ್ಬರು ಇರುವಷ್ಟು ದಿನವೂ ಜೊತೆಗಿರಬೇಕು ಅನ್ನುತ್ತದೆ ಆ ಕಾಯ್ದೆ. ಇವರು ನೋಡಿದರೆ 30 ದಿನ ಮುಖ ತೋರಿಸಬೇಡಿ ಅನ್ನುತ್ತಾರೆ! ಇನ್ನು, ಮಕ್ಕಳನ್ನು ನೋಡಿಕೊಳ್ಳುವ ಸಂಸ್ಥೆಯವರೇ ಹಿಂಸೆ ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ 5 ವರ್ಷದವರೆಗೆ ಕಠಿಣ ಸಜೆ, 5 ಲಕ್ಷದವರೆಗೆ ದಂಡ ಇದೆ. ಎನ್‌ಸಿಸಿ, ಕ್ರೀಡಾ ಶಿಬಿರಗಳನ್ನು ಇದಕ್ಕೆ ಸೇರಿಸಬೇಡಿ. ಅಲ್ಲಿಗೆ ಮಕ್ಕಳು ಇಷ್ಟಪಟ್ಟು ಹೋಗುತ್ತಾರೆ, ಬೇಡವಾದರೆ ಬಿಟ್ಟು ಬರುತ್ತಾರೆ.

ಈಗ ನಿಮ್ಮ ಮಗನ ವಿಷಯ. ಕನ್ನಡ ಮಾಧ್ಯಮ, ಶೇ 91, ಆಮೇಲೆ ಸೈನ್ಸ್. ಇದನ್ನು ನೀವು ಒಂದೇ ಉಸಿರಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನಾನು ಅಲ್ಲೇ ನಿಂತೆ. ಮಾರ್ಚ್ ತನಕ ದ್ಯುತಿಸಂಶ್ಲೇಷಣೆ, ವೇಗೋತ್ಕರ್ಷ ಅಂತ ಓದಿದ ಹುಡುಗನಿಗೆ ಜೂನ್‌ನಲ್ಲಿ ಒಮ್ಮೆಲೇ ಫೋಟೊಸಿಂಥೆಸಿಸ್, ಆಕ್ಸಲರೇಷನ್. ಪಾಠ ಮಾಡುವವರು ಅದನ್ನು ಕನ್ನಡದಲ್ಲಿ ಮತ್ತೆ ಹೇಳುವುದಿಲ್ಲ. ಊರಿಗೇ ಫಸ್ಟ್ ಅನ್ನಿಸಿಕೊಂಡವನಿಗೆ ‘ಅರ್ಥ ಆಗಲಿಲ್ಲ’ ಅಂತ ಕೈ ಎತ್ತಲು ನಾಚಿಕೆ. ಅರ್ಧವಾರ್ಷಿಕ ಪರೀಕ್ಷೆಯ ಅಂಕ ಬರುವುದೂ ದೀಪಾವಳಿ ಸುತ್ತಮುತ್ತಲೇ. ನಮ್ಮ ಕಡೆಯವರಿಗೆ ಸೀಟು ಮೀಸಲಿಡುವ 371ಜೆ ವಿಧಿ ಬಂದ ಮೇಲೆ ಮೆಡಿಕಲ್ ಸೀಟಿನ ಆಸೆ ಮನೆಮನೆಗೂ ಬಂದಿದೆ. ಆಸೆ ತಪ್ಪಲ್ಲ. ಆದರೆ ಅದನ್ನು ಹೊತ್ತ ಮಗು ಸೋತೆ ಅಂತ ಹೇಳಲಾರದೆ ಸಿಟ್ಟು ಮಾಡುತ್ತದೆ. ಇದು ನನ್ನ ಊಹೆ, ತಪ್ಪಿರಲೂಬಹುದು. ಕೋಚಿಂಗ್‌ನಲ್ಲಿ ಯಾರೋ ಅವಮಾನ ಮಾಡಿರಬಹುದು. ಖಿನ್ನತೆಯೂ ಇರಬಹುದು, ಈ ವಯಸ್ಸಿನಲ್ಲಿ ಅದು ಅಳುವಿಗಿಂತ ಸಿಡುಕಾಗಿಯೇ ಜಾಸ್ತಿ ಕಾಣುತ್ತದೆ. ಕೇಳದೆ ತಿಳಿಯುವುದಿಲ್ಲ.

ಕೇಳುವ ಮೊದಲು ಯಜಮಾನರು ಒಂದು ಮಾತು ಹೇಳಬೇಕು: ‘ನಾನು ಬೆಲ್ಟ್ ಎತ್ತಿದ್ದು ತಪ್ಪು.’ ಅಷ್ಟೇ. ಅದರ ಹಿಂದೆ ‘ಆದರೆ ನೀನೂ’ ಅಂತ ಸೇರಿಸಬಾರದು. ಅಪ್ಪನಿಗೆ ಇದು ಕಷ್ಟ, ನನಗೆ ಗೊತ್ತು. ಎದುರುಬದುರು ಕೂರಿಸಿ ವಿಚಾರಣೆ ಮಾಡಬೇಡಿ. ಬೈಕ್ ಮೇಲೆ ಕೂರಿಸಿಕೊಂಡು ಕಾಲುವೆ ದಂಡೆಗೆ ಹೋಗಲಿ. ಮುಖ ಮುಖ ನೋಡದಿದ್ದಾಗ ಈ ವಯಸ್ಸಿನ ಹುಡುಗರ ಬಾಯಿ ಬೇಗ ಬಿಚ್ಚುತ್ತದೆ. ‘ಯಾಕೆ ಓದುತ್ತಿಲ್ಲ’ ಬೇಡ. ‘ಯಾವ ಪಾಠದಿಂದ ಅರ್ಥ ಆಗುವುದು ನಿಂತಿತು’ ಅಂತ ಕೇಳಲಿ. ಸೈನ್ಸ್ ಬೇಡ ಅಂದರೆ ಕಾಮರ್ಸ್ ಇದೆ, ಡಿಪ್ಲೊಮಾ ಇದೆ. ಒಂದು ವರ್ಷ ಹೋದರೆ ಹೋಯಿತು. ಮೊಬೈಲ್ ಕಿತ್ತುಕೊಳ್ಳಬೇಡಿ. ರಾತ್ರಿ ಹತ್ತೂವರೆಗೆ ಮನೆಯವರೆಲ್ಲರ ಫೋನೂ ಫ್ರಿಡ್ಜ್ ಮೇಲೆ ಇರಲಿ, ಯಜಮಾನರದ್ದೂ ಸೇರಿ.

ಒಂದು ಕೆಲಸ ಇವತ್ತೇ ಮಾಡಿ. ಬೆಳೆಗೆ ಹೊಡೆಯುವ ಎಣ್ಣೆ ಡಬ್ಬಿ ಮನೆಯಲ್ಲಿದ್ದರೆ ಅಂಗಡಿಗೆ ಸಾಗಿಸಿ. ಅಂಗಡಿಯ ಬೀಗದ ಕೈ ಯಜಮಾನರ ಹತ್ತಿರವೇ ಇರಲಿ. ಮಗ ಸಾಯುವ ಮಾತಾಡಿದರೆ, ಕೈಮೇಲೆ ಕೊಯ್ದುಕೊಂಡ ಗುರುತು ಕಂಡರೆ ಅವನನ್ನು ಒಂಟಿಯಾಗಿ ಬಿಡದೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಸಹಾಯ ಬೇಕಾದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್. ದುಡ್ಡಿಲ್ಲ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ. ಹದಿಹರೆಯದವರಿಗೆ ಅಂತಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹಾ ಕ್ಲಿನಿಕ್ ಇವೆ, ಗಂಗಾವತಿ ಆಸ್ಪತ್ರೆಯಲ್ಲಿ ವಿಚಾರಿಸಿ. ಕೊಪ್ಪಳದ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ದೂರದ ಊರಿಗೇ ಹೋಗಬೇಕು ಅಂತ ಅಂದುಕೊಳ್ಳಬೇಡಿ. ಜಿಲ್ಲೆಯಲ್ಲೇ ಮಾನಸಿಕ ಚಿಕಿತ್ಸೆ ಕೊಡಬಹುದು ಅಂತ ನಿಮ್ಹಾನ್ಸ್ 1985ರಿಂದ ಮೊದಲು ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿಯಲ್ಲೇ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ಅದರಿಂದ.

ಶಿಬಿರದವರಿಗೆ ‘ನಮ್ಮ ಮಗ ಬರುವುದಿಲ್ಲ, ಗಾಡಿ ಕಳಿಸಬೇಡಿ, ಅಡ್ವಾನ್ಸ್ ವಾಪಸ್ ಕೊಡಿ’ ಅಂತ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸಿ, ಬರವಣಿಗೆಯಲ್ಲಿ ಇರಲಿ. ಮಗನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವ ದಿನ, ಬಸ್ ಹತ್ತುವ ಮೊದಲೇ, ಎಲ್ಲಿಗೆ, ಯಾಕೆ ಹೋಗುತ್ತಿದ್ದೀರಿ, ಸಂಜೆ ಎಷ್ಟು ಹೊತ್ತಿಗೆ ವಾಪಸ್ ಬರುತ್ತೀರಿ ಅಂತ ಅವನಿಗೆ ಹೇಳಿ.